ಕತ್ತರಿ ಬೇಡದ ವೇಷ

ಸೆಪ್ಟೆಂಬರ್ ಹುಟ್ಟಿದರೆ ಸಾಕು, ಕಲಬುರಗಿಯ ಮೋಮಿನಪುರವಿರಲಿ, ಕಮಲಾಪುರವಿರಲಿ, ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಒಂದು ಸೂಚನೆ ಬಂದೇ ಬರುತ್ತದೆ: 17ನೇ ತಾರೀಖು ಕಲ್ಯಾಣ ಕರ್ನಾಟಕ ಉತ್ಸವ, ಮಗುವಿಗೆ ವೇಷ ಹಾಕಿ ಕಳಿಸಿ. ಅದು ಮುಗಿಯುವಷ್ಟರಲ್ಲಿ ರಾಜ್ಯೋತ್ಸವ, ಆಮೇಲೆ ಬಸವ ಜಯಂತಿ. ತಾಯಂದಿರು ಬಾಡಿಗೆ ಡ್ರೆಸ್ಸಿನ ಅಂಗಡಿಗೆ ಓಡುತ್ತಾರೆ. ಹೊಳೆಯುವ ಸ್ಯಾಟಿನ್, ಕುತ್ತಿಗೆ ಚುಚ್ಚುವ ಜರಿ, ಕಿವಿಗೆ ಇಳಿಯುವ ಕಿರೀಟ. ಅದೇ ಒಂದು ಜೋಡಿ ಇವತ್ತು ಅಶೋಕ, ನಾಳೆ ನೃಪತುಂಗ, ನಾಡಿದ್ದು ಕೃಷ್ಣದೇವರಾಯ. ನನ್ನ ಮಗಳು ಹಾಗೊಂದು ಅಂಗಿ ತೊಟ್ಟು ಬಿಸಿಲಲ್ಲಿ ನಿಂತು, ತನ್ನ ಸರದಿ ಬರುವ ಮೊದಲೇ ಅತ್ತು ಮನೆಗೆ ಬಂದಿದ್ದಳು. ಮರುವರ್ಷದಿಂದ ವೇಷವನ್ನು ನಾವೇ ಮನೆಯಲ್ಲಿ ಕಟ್ಟತೊಡಗಿದೆವು. ಆಗ ತಿಳಿದದ್ದು ಇಷ್ಟು: ಇತಿಹಾಸಕ್ಕೆ ಹತ್ತಿರ ಹೋದಷ್ಟೂ ಖರ್ಚು ಇಳಿಯುತ್ತದೆ.

ಕಾರಣ ಸರಳ. ನಮ್ಮ ಹಿಂದಿನವರ ಉಡುಪಿನಲ್ಲಿ ಹೊಲಿಗೆ ಕಡಿಮೆ, ನೇಯ್ಗೆ ಹೆಚ್ಚು. ಮೋಮಿನಪುರದ ಹೆಸರಿನಲ್ಲಿರುವ ಮೋಮಿನ್ ಎಂಬುದು ದಖ್ಖನಿನಲ್ಲಿ ನೇಕಾರ ಸಮುದಾಯದ ಹೆಸರೂ ಹೌದು. ಮಗ್ಗದಿಂದ ಇಳಿದ ಬಟ್ಟೆ ಕತ್ತರಿ ಕಾಣದೆ ನೇರ ಮೈಗೆ ಬರುತ್ತಿತ್ತು. ಉಡುವುದು, ಸುತ್ತುವುದು, ಹೊದೆಯುವುದು, ಈ ಮೂರು ಗೊತ್ತಿದ್ದರೆ ಅರ್ಧ ವೇಷ ಮುಗಿದ ಹಾಗೆ.

ಇದಕ್ಕೆ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಇದೆ. ಚಿತ್ತಾಪುರ ತಾಲ್ಲೂಕಿನಲ್ಲಿ, ಭೀಮಾ ನದಿಯ ದಂಡೆಯ ಸನ್ನತಿಗೆ ಹೊಂದಿಕೊಂಡ ಕನಗನಹಳ್ಳಿಯಲ್ಲಿ, 1990ರ ದಶಕದ ಉತ್ಖನನದಲ್ಲಿ ಒಂದು ಶಿಲಾಫಲಕ ಸಿಕ್ಕಿತು. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯ ಅಸೋಕೋ’ ಎಂದು ಬರೆದಿದೆ. ಪಕ್ಕದಲ್ಲಿ ರಾಣಿ, ಜೊತೆಗೆ ಕೊಡೆ ಮತ್ತು ಚಾಮರ ಹಿಡಿದ ಸೇವಕಿಯರು. ಕೆತ್ತಿದ್ದು ಅಶೋಕ ತೀರಿಕೊಂಡು ಎಷ್ಟೋ ತಲೆಮಾರು ಕಳೆದ ಮೇಲೆ, ನಿಜ. ಆದರೂ ಸಾವಿರ ಸಾವಿರ ರೂಪಾಯಿಯ ಟಿವಿ ವೇಷಕ್ಕಿಂತ ಅದು ಅಶೋಕನಿಗೆ ಬಹಳ ಹತ್ತಿರ. ರಾಜನ ಮೈಮೇಲೆ ಹೊಲಿದ ಅಂಗಿ ಇಲ್ಲ. ತಲೆಗೆ ಸುತ್ತು, ಸೊಂಟಕ್ಕೆ ಧೋತರ, ಮೈಮೇಲೆ ಒಡವೆ. ಇವು ಯಾರ ಮನೆಯಲ್ಲಿಲ್ಲ?

ಧೋತರ ಉದ್ದವಾದರೆ ಕತ್ತರಿಸಬೇಡಿ, ನಡುವಿಗೆ ಮಡಚಿ ದಾರ ಕಟ್ಟಿ, ನೆರಿಗೆ ಮುಂದೆ ಬಿಡಿ. ತಲೆಯ ಸುತ್ತಿಗೆ ಮೂರು ಮೀಟರ್ ಮೆದು ಹತ್ತಿಬಟ್ಟೆ ಸಾಕು. ಮಗುವಿನ ತಲೆಯಷ್ಟು ಅಗಲದ ಪಾತ್ರೆಯೊಂದನ್ನು ಬೋರಲು ಹಾಕಿ, ಬಟ್ಟೆ ಸ್ವಲ್ಪ ತೋಯಿಸಿ, ಹುರಿ ಮಾಡಿ ಅದರ ಮೇಲೆ ಸುತ್ತಿ. ನಾಲ್ಕು ಕಡೆ ದಪ್ಪ ದಾರದ ಟಾಕಿ ಹಾಕಿ ಒಣಗಲು ಬಿಟ್ಟರೆ, ಬೆಳಿಗ್ಗೆ ಟೋಪಿಯ ಹಾಗೆ ಎತ್ತಿ ತಲೆಗೆ ಇಡಬಹುದು. ಮಗು ಕುಣಿದರೂ ಬಿಚ್ಚುವುದಿಲ್ಲ. ‘ಕತ್ತರಿ ಹಚ್ಚಬ್ಯಾಡವ್ವ, ನಾಳಿ ಇದ ಬಟ್ಟಿ ಹೊದಿಲಿಕ್ಕ ಬೇಕಾಗ್ತದ’ ಎಂದು ನಮ್ಮ ಓಣಿಯ ಅಜ್ಜಿ ಹೇಳಿಕೊಟ್ಟ ವಿದ್ಯೆ ಇದು.

ಕೃಷ್ಣದೇವರಾಯನಿಗೂ ಬಂಗಾರದ ಕಿರೀಟ ಬೇಕಿಲ್ಲ. ತಿರುಮಲದ ದೇವಸ್ಥಾನದಲ್ಲಿ ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತ ಅವನ ಲೋಹದ ಮೂರ್ತಿಯ ತಲೆಯ ಮೇಲಿರುವುದು ಎತ್ತರದ ಕುಲ್ಲಾಯಿ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ರಾಜಧಾನಿಯಾದ ಮೇಲೆ ದಖ್ಖನಿನ ಆಸ್ಥಾನಗಳಲ್ಲಿ ರೂಢಿಯಾಗಿದ್ದ ಟೋಪಿ ಮತ್ತು ಉದ್ದನೆಯ ಅಂಗಿ ವಿಜಯನಗರದ ಅರಮನೆಗೂ ಹೋದವು, ಕುಲ್ಲಾಯಿ ಮತ್ತು ಕಬಾಯಿ ಆದವು. ಮಿಠಾಯಿ ಡಬ್ಬಿಯ ರಟ್ಟನ್ನು ಉದ್ದಕ್ಕೆ ಸುರುಳಿ ಸುತ್ತಿ, ಹರಿದ ಇಳಕಲ್ ಸೀರೆಯ ಸೆರಗನ್ನು ಮೈದಾ ಅಂಟಿನಿಂದ ಹಚ್ಚಿದರೆ ಕುಲ್ಲಾಯಿ ಸಿದ್ಧ. ಅದನ್ನು ತೊಟ್ಟ ಮಗುವಿಗೆ ಎರಡು ರಾಜ್ಯಗಳ ಕತೆಯನ್ನು ಒಟ್ಟಿಗೇ ಹೇಳಬಹುದು. ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ವೇಷ.

ಹೊಳಪಿನ ಆಸೆ ನಮಗೆ ಹತ್ತಿದ್ದು ಕಂಪನಿ ನಾಟಕಗಳಿಂದ, ಕ್ಯಾಲೆಂಡರುಗಳಿಂದ. ದೇಶದ ಮನೆಮನೆಯ ಗೋಡೆಗೆ ಅಂಥ ಕ್ಯಾಲೆಂಡರ್ ಚಿತ್ರ ಕೊಟ್ಟ ಎಸ್.ಎಂ. ಪಂಡಿತರು 1916ರಲ್ಲಿ ಕಲಬುರಗಿಯಲ್ಲೇ ಹುಟ್ಟಿದವರು. ಅವರು ಬರೆದ ಪುರಾಣ ಲೋಕಕ್ಕೆ ಆ ಕಾಂತಿ ಸಲ್ಲುತ್ತದೆ. ಇತಿಹಾಸದ ವೇಷಕ್ಕೆ ಮಾತ್ರ ಕಲ್ಲನ್ನೂ ಕಂಚನ್ನೂ ನೋಡಬೇಕು.

ನಿಜಾಮರ ಕಾಲದ ಶೇರ್ವಾನಿ ಹೊಲಿಗೆ ಬೇಡುವ ಉಡುಪು. ಅದಕ್ಕೂ ದಾರಿಯಿದೆ: ಅಪ್ಪನ ಹಳೆ ಕಪ್ಪು ಕೋಟು ಎಂಟು ವರ್ಷದ ಹುಡುಗನಿಗೆ ಮೊಣಕಾಲಿಗೆ ಬರುತ್ತದೆ. ತೋಳು ಒಳಕ್ಕೆ ಮಡಚಿ, ಕುತ್ತಿಗೆಗೆ ನೆಟ್ಟನೆ ಪಟ್ಟಿ ಹಚ್ಚಿ. ಕೆಂಪು ಬಟ್ಟೆ ಹೊದಿಸಿದ ರಟ್ಟಿಗೆ ಕಪ್ಪು ಕುಚ್ಚು ಕಟ್ಟಿದರೆ ರೂಮಿ ಟೋಪಿ. ಕಿತ್ತೂರು ಚೆನ್ನಮ್ಮನಿಗೆ ಅಜ್ಜಿಯ ಒಂಬತ್ತು ಗಜದ ಸೀರೆಯನ್ನು ಅರ್ಧಕ್ಕೆ ಮಡಚಿ ಕಚ್ಚೆ ಹಾಕಿದರಾಯಿತು, ಖಡ್ಗಕ್ಕೆ ಜೋಳದ ದಂಟು.

ಸೆಪ್ಟೆಂಬರ್ 17ಕ್ಕೆ ಗಾಂಧಿ, ಪಟೇಲರ ವೇಷ ಬೇಕಾದಷ್ಟು ಬರುತ್ತವೆ. ನಿಜಾಮರ ಆಳ್ವಿಕೆಯಿಂದ ಬಿಡುಗಡೆಗಾಗಿ ನಡೆದು 1948ರಲ್ಲಿ ಕೊನೆಗೊಂಡ ಹೋರಾಟವನ್ನು ಹೈದರಾಬಾದ್ ಸಂಸ್ಥಾನದೊಳಗೇ ಇದ್ದು ನಡೆಸಿದ ಸ್ವಾಮಿ ರಮಾನಂದ ತೀರ್ಥರ ವೇಷ ನಾನು ಕಂಡದ್ದು ತೀರಾ ಅಪರೂಪ. ಸಂನ್ಯಾಸಿಯ ವೇಷಕ್ಕೆ ಬೇಕಾದದ್ದು ಹಳೆ ಧೋತರ, ಒಂದು ಮುಷ್ಟಿ ಕಾವಿ ಮಣ್ಣು, ಒಂದು ಬಕೆಟ್ ನೀರು.

ಈ ಸಲ ನಿಮ್ಮ ಮನೆಗೆ ಸೂಚನೆ ಬಂದಾಗ ಅಂಗಡಿಗೆ ಹೋಗುವ ಮೊದಲು ಟ್ರಂಕ್ ತೆರೆಯಿರಿ. ಮಗು ಅಶೋಕನಾಗುವುದಿದ್ದರೆ, ಹಿಂದಿನ ಭಾನುವಾರವೇ ಬುತ್ತಿ ಕಟ್ಟಿಕೊಂಡು ಸನ್ನತಿಗೆ ಕರೆದುಕೊಂಡು ಹೋಗಿ ಬನ್ನಿ.