ಕರುಳಿದ್ದರೆ ಸಾಕೇ?

"ಅವರದು ತಾಯಿಕರುಳು. ಅಂಥವರ ಕೈಗೆ ವೃದ್ಧಾಶ್ರಮ ಕೊಟ್ಟರೆ ತಾನಾಗಿಯೇ ನಡೆದುಹೋಗುತ್ತದೆ." ಟ್ರಸ್ಟಿಗಳ ಬಾಯಲ್ಲಿ, ದಾನಿಗಳ ಬಾಯಲ್ಲಿ, ಉದ್ಘಾಟನೆಯ ವೇದಿಕೆಗಳಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಯಾವ ಆಶ್ರಮವೂ ತಾನಾಗಿ ನಡೆಯುವುದಿಲ್ಲ.

ನಾನು ಕೆಲಸ ಮಾಡಿದ ಒಂದು ಕಡೆ ಮೇಲ್ವಿಚಾರಕಿ ನಿಜಕ್ಕೂ ಒಳ್ಳೆಯವರು. ಅಜ್ಜಿಯರ ತಲೆಗೆ ತಾವೇ ಎಣ್ಣೆ ಹಚ್ಚುವರು, ಗಂಜಿ ಕುಡಿಸುವರು, ಭಾನುವಾರವೂ ರಜೆ ಹಾಕಿದವರಲ್ಲ. ಯಾರಿಗೆ ಯಾವ ಮಾತ್ರೆ, ಯಾರಿಗೆ ಎಷ್ಟು ಇನ್ಸುಲಿನ್, ಎಲ್ಲವೂ ಅವರ ತಲೆಯಲ್ಲಿ. ಒಮ್ಮೆ ಅವರ ತಾಯಿಗೆ ಹುಷಾರಿಲ್ಲವೆಂದು ಊರಿಗೆ ಹೋದರು. ಮಾರನೆಯ ಬೆಳಿಗ್ಗೆ ರಾತ್ರಿ ಪಾಳಿಯ ನರ್ಸ್ ಒಬ್ಬ ತಾತನಿಗೆ ಇನ್ಸುಲಿನ್ ಕೊಟ್ಟು ಮನೆಗೆ ಹೊರಟಳು. ಬೆಳಗಿನ ಪಾಳಿಯವಳು ಬಂದು ಅದನ್ನೇ ಮತ್ತೊಮ್ಮೆ ಕೊಟ್ಟಳು. ತಿಂಡಿಗೆ ಕೂರಿಸುವಷ್ಟರಲ್ಲಿ ತಾತನ ಬನಿಯನ್ ಬೆವರಿಗೆ ತೊಯ್ದುಹೋಗಿತ್ತು. ಕೈ ನಡುಗುತ್ತಿತ್ತು, ಹೆಸರು ಕೇಳಿದರೆ ತೊದಲುತ್ತಿದ್ದರು. ಸಕ್ಕರೆ 48. ಅಡುಗೆಯಾಕೆ ಓಡಿಬಂದು ಸಕ್ಕರೆ ನೀರು ಕುಡಿಸಿದಳು, ಆಸ್ಪತ್ರೆಗೆ ಕರೆದೊಯ್ದೆವು, ಉಳಿದರು. ಹುಡುಗಿಯರಿಬ್ಬರೂ ಅಳುತ್ತಿದ್ದರು. ಅವರನ್ನು ಬೈದು ಏನು ಪ್ರಯೋಜನ? ಪಾಳಿ ಬದಲಾಗುವಾಗ ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ಹೋಗಬೇಕಾದ ಪುಸ್ತಕವೇ ಅಲ್ಲಿರಲಿಲ್ಲ.

ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಹೊರತಂದ ಶುಶ್ರೂಷೆಯ ಪುಸ್ತಕದಲ್ಲಿ ನಿರ್ವಹಣೆಗೆಂದೇ ಒಂದು ಅಧ್ಯಾಯವಿದೆ. ನೀವಿದ್ದಾಗ ಆಗುವ ಕೆಲಸ ನೀವಿಲ್ಲದಾಗಲೂ ಆಗುವ ಹಾಗೆ ಏರ್ಪಾಡು ಮಾಡದಿದ್ದರೆ ಎಂಥ ಆರೈಕೆಯೂ ಹಾಳು ಎಂಬುದು ಅದರ ತಿರುಳು. ನಮಗೆ ಶಾಲೆಯಲ್ಲಿ ಕಲಿಸಿದ್ದು ಮಾತ್ರ ದೀಪ ಹಿಡಿದ ಮಹಾತಾಯಿಯ ಕತೆ. ಹಾಸಿಗೆ ಹಿಡಿದವರಿಗೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ರಾತ್ರಿ 2ಕ್ಕೆ ಅದು ಯಾರ ಕೆಲಸವೆಂದು ಬರೆದಿಡದಿದ್ದರೆ ಯಾವ ಕರುಳೂ ಬೆನ್ನುಹುಣ್ಣನ್ನು ತಡೆಯದು. ಹಿರಿಯ ನಾಗರಿಕರ 2007ರ ಕಾಯ್ದೆಯೂ ವೃದ್ಧಾಶ್ರಮಗಳ ನಿರ್ವಹಣೆಗೆ ಸರ್ಕಾರ ಯೋಜನೆ ರೂಪಿಸಿ, ಸೇವೆಗಳ ಮಟ್ಟ ಗೊತ್ತುಪಡಿಸಬಹುದು ಎನ್ನುತ್ತದೆ.

ದೂರು ಬರುತ್ತಿಲ್ಲವೆಂದರೆ ಎಲ್ಲ ಚೆನ್ನಾಗಿದೆ ಎನ್ನುವವರೂ ಇದ್ದಾರೆ. ಊಟ, ಔಷಧ, ಸ್ನಾನ ಎಲ್ಲಕ್ಕೂ ನಿಮ್ಮ ಕೈಯನ್ನೇ ಕಾಯುವ ಅಜ್ಜಿ ನಿಮ್ಮ ಮೇಲೆ ದೂರು ಹೇಳುವ ಧೈರ್ಯ ಎಲ್ಲಿಂದ ತರಬೇಕು? ವಯಸ್ಸಾದವರು ಮಕ್ಕಳಿದ್ದ ಹಾಗೆ ಎನ್ನುವುದು ಇನ್ನೊಂದು; ಅವರು ಮಕ್ಕಳಲ್ಲ, ತಮ್ಮ ಸ್ನಾನದ ಹೊತ್ತನ್ನು ತಾವೇ ಹೇಳಬಲ್ಲವರು. ಗದರಿದರೆ ಶಿಸ್ತು ಬರುತ್ತದೆ ಎನ್ನುವವರಿಗೆ ಒಂದೇ ಮಾತು: ಗದರಿಸಿಕೊಂಡ ಆಯಾ ಮುಂದಿನ ಸಲ ತಪ್ಪನ್ನು ಮುಚ್ಚಿಡುತ್ತಾಳೆ.

ಹುಟ್ಟುಹಬ್ಬದ ದಿನ ಕೇಕ್ ತರುವವರ ಮೇಲೆ ನನಗೆ ಕೋಪವಿಲ್ಲ, ಸಂಕಟವಿದೆ. ಅಜ್ಜಿಯನ್ನು ತಬ್ಬಿಕೊಂಡ ಫೋಟೋ, ಗೋಡೆಯ ಮೇಲಿನ ಸುಭಾಷಿತ, ಹೂವಿಟ್ಟ ದೇವರಮನೆ ಕಂಡರೆ ನಂಬಿಬಿಡುತ್ತೇವೆ. ಗುರುಗಳನ್ನೂ ವೈದ್ಯರನ್ನೂ ಆರಿಸಿಕೊಳ್ಳುವುದು ಹೀಗೆಯೇ, ಮುಖದ ಮೇಲಿನ ನಗು ನೋಡಿ. ಮುಂದಿನ ಸಲ ಆಶ್ರಮಕ್ಕೆ ಹೋದಾಗ ಪಾಳಿ ಪುಸ್ತಕ ತೋರಿಸಿ ಎನ್ನಿ. ರಾತ್ರಿ ಎಷ್ಟು ಜನ ಇರುತ್ತಾರೆ, ಮೇಲ್ವಿಚಾರಕರು ರಜೆ ಹಾಕಿದರೆ ಬೀಗದ ಕೈ ಯಾರ ಹತ್ತಿರ ಎಂದು ಕೇಳಿ.