ಮಕ್ಕಳ ಮನೆಯ ಅಭ್ಯಾಸ ಮತ್ತು ಹಿರಿಯರ ನೆರವು

ಸಂಜೆ ದೀಪ ಹಚ್ಚುವ ಹೊತ್ತಿಗೆ ಅನೇಕ ಮನೆಗಳಲ್ಲಿ ಒಂದು ಸಣ್ಣ ಕಲಹ ಆರಂಭವಾಗುವುದುಂಟು. ಮಗು ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡು ಕಣ್ಣೀರಿಡುತ್ತದೆ. ತಂದೆ ಗದರುತ್ತಾರೆ. ಊಟದ ಹೊತ್ತು ಮೀರೀತೆಂದು ತಾಯಿ ತಾವೇ ಉತ್ತರವನ್ನು ಹೇಳಿ ಬರೆಯಿಸಿಬಿಡುತ್ತಾರೆ. ಮರುದಿನ ಉಪಾಧ್ಯಾಯರು ಸರಿಯೆಂದು ಗುರುತು ಹಾಕುತ್ತಾರೆ. ಎಲ್ಲರಿಗೂ ಸಮಾಧಾನ. ಆದರೆ ಮಗುವಿಗೆ ಲೆಕ್ಕ ಬಂದಿಲ್ಲ. ಬಂದಿಲ್ಲವೆಂಬ ಸಂಗತಿ ಉಪಾಧ್ಯಾಯರಿಗೆ ತಿಳಿಯುವ ದಾರಿಯೂ ಮುಚ್ಚಿಹೋಯಿತು. ಹಾಗಾದರೆ ಹಿರಿಯರು ಎಷ್ಟರ ಮಟ್ಟಿಗೆ ನೆರವಾಗಬೇಕು?

ಮೊದಲು ಈ ಅಭ್ಯಾಸದ ಉದ್ದೇಶವನ್ನು ನೋಡೋಣ. ಜರ್ಮನಿಯ ಹೆರ್ಮನ್ ಎಬಿಂಗ್‌ಹೌಸ್ ಎಂಬ ಮನಶ್ಶಾಸ್ತ್ರಜ್ಞರು ಅರ್ಥವಿಲ್ಲದ ಉಚ್ಚಾರಗಳನ್ನು ತಾವೇ ಬಾಯಿಪಾಠ ಮಾಡಿ, ಅವು ಮರೆತುಹೋಗುವ ವೇಗವನ್ನು ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲ ಕೆಲವು ಗಂಟೆಗಳಲ್ಲಿಯೇ ಹೆಚ್ಚು, ಆಮೇಲೆ ನಿಧಾನ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ವಿದ್ವಾಂಸರು ಇನ್ನೊಂದು ಸಂಗತಿಯನ್ನು ತೋರಿಸಿದರು. ಪಾಠವನ್ನು ಮತ್ತೆ ಮತ್ತೆ ಓದಿದವರಿಗೆ ಐದು ನಿಮಿಷದ ಬಳಿಕ ಹೆಚ್ಚು ನೆನಪಿತ್ತು. ಒಂದು ವಾರದ ಬಳಿಕವಾದರೋ, ಪುಸ್ತಕವಿಲ್ಲದೆ ನೆನೆದು ಬರೆದವರೇ ಮುಂದಾದರು. ನೆನೆಯುವ ಈ ಶ್ರಮವೇ ಕಲಿಕೆ. ಉತ್ತರವನ್ನು ನಾವು ಹೇಳಿದರೆ ಆ ಶ್ರಮವನ್ನು ಮಗುವಿನ ಕೈಯಿಂದ ಕಸಿದಂತೆಯೇ ಸರಿ.

ಒಂದು ದೃಷ್ಟಾಂತ. 52ರಲ್ಲಿ 27 ಕಳೆಯೆಂದರೆ ಮಗು 35 ಎಂದು ಬರೆದಿದೆ. ‘ತಪ್ಪು, 25’ ಎನ್ನುವುದು ಸುಲಭ. ಅದರ ಬದಲು ‘ಈ ಐದು ಹೇಗೆ ಬಂತು, ಮರಿ?’ ಎಂದು ಕೇಳಿ. ‘ಎರಡರಲ್ಲಿ ಏಳು ಹೋಗೋದಿಲ್ಲವಲ್ಲ ಅಪ್ಪ, ಅದಕ್ಕೇ ಏಳರಲ್ಲಿ ಎರಡು ಕಳೆದೆ’ ಎನ್ನುತ್ತದೆ. ತಪ್ಪಿಗೂ ಒಂದು ಕಾರಣವುಂಟೆಂದು ಈಗ ತಿಳಿಯಿತು; ಇದು ಅಲಕ್ಷ್ಯವಲ್ಲ. ಹತ್ತು ಹತ್ತು ಕಡ್ಡಿಗಳ ಐದು ಕಟ್ಟುಗಳನ್ನೂ ಎರಡು ಬಿಡಿ ಕಡ್ಡಿಗಳನ್ನೂ ಮುಂದಿಟ್ಟು, 27 ತೆಗೆದುಕೊಡೆನ್ನಿ. ಬಿಡಿ ಕಡ್ಡಿ ಸಾಲದಾದಾಗ ಮಗು ಒಂದು ಕಟ್ಟನ್ನು ಬಿಚ್ಚೀತು. ಹನ್ನೆರಡರಲ್ಲಿ ಏಳು ಹೋಗಿ ಐದು. ಉಳಿದ ನಾಲ್ಕು ಕಟ್ಟುಗಳಲ್ಲಿ ಎರಡು ಹೋಗಿ ಎರಡು. ಬಳಿಕ 64ರಲ್ಲಿ 38 ಕಳೆಯುವುದನ್ನು ಅದಕ್ಕೇ ಬಿಟ್ಟು ಸುಮ್ಮನೆ ಕುಳಿತಿರಿ. ಆಗಲೂ ಬಾರದಿದ್ದರೆ ತಪ್ಪನ್ನು ಅಳಿಸದೆ, ‘ಹತ್ತನ್ನು ಬಿಡಿಮಾಡುವುದು ಇನ್ನೂ ತಿಳಿದಿಲ್ಲ’ ಎಂದು ಒಂದು ಸಾಲು ಬರೆದು ಕಳುಹಿಸಿ. ಇದರಲ್ಲಿ ನಾಚಿಕೆಯೇನೂ ಇಲ್ಲ.

‘ಮಗುವಿನ ಪುಸ್ತಕವೆಲ್ಲ ಇಂಗ್ಲಿಷಿನಲ್ಲಿದೆ, ನಮಗೆ ಬಾರದು’ ಎಂದು ಕೊರಗುವ ತಂದೆತಾಯಿಗಳು ಬಹಳ. ಅವರೂ ನೆರವಾಗಬಲ್ಲರು. ಪುಸ್ತಕವನ್ನು ಮುಚ್ಚಿಸಿ, ಆ ದಿನದ ಪಾಠವನ್ನು ಕನ್ನಡದಲ್ಲಿ ಹೇಳೆನ್ನಲಿ. ಮಗು ಎಲ್ಲಿ ತಡವರಿಸುವುದೋ ಅಲ್ಲಿ ತಿಳಿವು ಸಾಲದು. ಅದನ್ನು ಗುರುತಿಸಲು ಇಂಗ್ಲಿಷ್ ಬೇಕಾಗಿಲ್ಲ, ತಾಳ್ಮೆ ಬೇಕು. ಮನೆಯಲ್ಲಿ ಅಜ್ಜಿಯಿದ್ದರೆ ಅವರಿಗಿಂತ ಒಳ್ಳೆಯ ಶ್ರೋತೃ ಮತ್ತಾರು?

ಇನ್ನು ಕಾಲದ ಮಿತಿ. ಕೇಂದ್ರ ಶಿಕ್ಷಣ ಸಚಿವಾಲಯವು 2020ರಲ್ಲಿ ಪ್ರಕಟಿಸಿದ ಶಾಲಾಚೀಲದ ನೀತಿಯಂತೆ ಎರಡನೆಯ ತರಗತಿಯವರೆಗೆ ಮನೆಯ ಅಭ್ಯಾಸವೇ ಕೂಡದು. ಮೂರರಿಂದ ಐದನೆಯ ತರಗತಿಯವರಿಗೆ ವಾರಕ್ಕೆ ಎರಡು ಗಂಟೆ, ಆರರಿಂದ ಎಂಟರವರಿಗೆ ದಿನಕ್ಕೆ ಒಂದು ಗಂಟೆ, ಮುಂದಿನವರಿಗೆ ಎರಡು ಗಂಟೆ ಮೀರಬಾರದು. ಮೀರುತ್ತಿದ್ದರೆ ಮಗುವನ್ನು ಗದರಿ ಫಲವಿಲ್ಲ. ಉಪಾಧ್ಯಾಯರೊಡನೆ ವಿನಯದಿಂದ ಮಾತನಾಡುವುದು ಲೇಸು.

ಶಾಲೆಯಿಂದ ಬಂದ ಮಗುವಿಗೆ ತಿಂಡಿ, ಆಟ ಮೊದಲಾಗಲಿ. ಬಳಿಕ ದಿನವೂ ಒಂದೇ ಹೊತ್ತಿನಲ್ಲಿ, ಒಂದೇ ಸ್ಥಳದಲ್ಲಿ ಅದು ಓದಲು ಕೂರಲಿ. ಹಿರಿಯರೊಬ್ಬರು ದೂರವಾಣಿಯನ್ನು ಬದಿಗಿಟ್ಟು, ತಮ್ಮದೊಂದು ಕೆಲಸವನ್ನು ಹಿಡಿದು ಹತ್ತಿರವಿರಲಿ. ಕರೆದಾಗ ಕೇಳುವವರೊಬ್ಬರಿದ್ದಾರೆಂಬ ಧೈರ್ಯವಿದ್ದರೆ, ಮಗು ತನ್ನ ಲೆಕ್ಕವನ್ನು ತಾನೇ ಮಾಡಲು ಹಿಂಜರಿಯದು.