ಮನೆಮಂದಿಯೆಲ್ಲ ಕೂಡಿ ಈಜು, ಸವಾರಿ, ಓಟ

ಅಜ್ಜಂಪುರದಲ್ಲಿ ನಮ್ಮ ದೊಡ್ಡಮ್ಮನವರೊಬ್ಬರಿರುವರು. ವಯಸ್ಸು ಎಂಬತ್ತನ್ನು ದಾಟಿದ್ದರೂ ಅವರ ಕಣ್ಣು ಕಿವಿಗಳು ಇನ್ನೂ ಚುರುಕು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವರ ಮೊಮ್ಮಗನು ಹೆಂಡತಿಯೊಡನೆ ಟ್ರಯಾಥ್ಲಾನ್ ಎಂಬ ಸ್ಪರ್ಧೆಗೆ ಹೆಸರು ಕೊಟ್ಟಿರುವನೆಂದೂ, ಅದರಲ್ಲಿ ಮೊದಲು ಈಜಿ, ಆಮೇಲೆ ಬೈಸಿಕಲ್ ತುಳಿದು, ಕಡೆಗೆ ಓಡಬೇಕೆಂದೂ ಕೇಳಿ, ಅವರು ನನ್ನನ್ನು ಹತ್ತಿರ ಕರೆದು ಕೇಳಿದರು: “ಅಲ್ಲವೋ ಮಗು, ಒದ್ದೆ ಮೈ ಒರಸಿಕೊಳ್ಳುವುದಕ್ಕೂ ಪುರಸತ್ತಿಲ್ಲದೆ ಬೈಸಿಕಲ್ ಹತ್ತಿ, ಅದರಿಂದ ಇಳಿದವರೇ ಓಡಬೇಕೆಂದರೆ, ಹಿಂದೆ ಯಾರಾದರೂ ಅಟ್ಟಿಸಿಕೊಂಡು ಬರುತ್ತಾರೆಯೇ?”

ನಾನು ನಕ್ಕೆನು. ಅವರು ನಗಲಿಲ್ಲ. “ಅವನು ಹೋದರೆ ಹೋಗಲಿ. ಆ ಹುಡುಗಿಗೂ ಏಕೆ ಈ ಹುಚ್ಚು? ಮಗುವನ್ನು ಯಾರು ನೋಡಿಕೊಳ್ಳಬೇಕು?” ಎಂದರು.

ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ಹಿಂದೆ ಬರುವುದು ಗಡಿಯಾರ. ನೀರಿಗಿಳಿದ ಕ್ಷಣದಿಂದ ಓಟ ಮುಗಿಯುವವರೆಗೆ ಅದು ನಿಲ್ಲುವುದಿಲ್ಲ. ಮೈ ಒರಸಿಕೊಳ್ಳುವ ಹೊತ್ತೂ ಲೆಕ್ಕಕ್ಕೆ ಸೇರುವುದು. ಆದರೆ ಎರಡನೆಯ ಪ್ರಶ್ನೆ ಹಾಗೆ ತಳ್ಳಿಹಾಕತಕ್ಕದ್ದಲ್ಲ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ವಿಷಯವನ್ನು ನಮ್ಮ ವಾಚಕರ ಮುಂದೆ ಇಡುತ್ತಿದ್ದೇನೆ.

ಟ್ರಯಾಥ್ಲಾನ್ ಎಂಬುದು ಗ್ರೀಕ್ ಭಾಷೆಯ ‘ಮೂರು’ ಮತ್ತು ‘ಸ್ಪರ್ಧೆ’ ಎಂಬರ್ಥದ ಶಬ್ದಗಳಿಂದ ಆದುದು. 2000ನೆಯ ಇಸವಿಯಲ್ಲಿ ಸಿಡ್ನಿ ನಗರದ ಒಲಿಂಪಿಕ್ ಕ್ರೀಡೆಗಳಲ್ಲಿ ಇದಕ್ಕೆ ಮೊದಲಬಾರಿಗೆ ಸ್ಥಾನ ದೊರೆಯಿತು. ಅಲ್ಲಿಯ ಅಳತೆ ಒಂದೂವರೆ ಕಿಲೋಮೀಟರ್ ಈಜು, 40 ಕಿಲೋಮೀಟರ್ ಸವಾರಿ, 10 ಕಿಲೋಮೀಟರ್ ಓಟ. ನಮ್ಮ ಕಡೆಯವರಿಗೆ ತಿಳಿಯುವಂತೆ ಹೇಳುವುದಾದರೆ, ಸವಾರಿಯು ಕಡೂರಿನಿಂದ ಚಿಕ್ಕಮಗಳೂರಿಗೆ ಹೋದಷ್ಟು. ಓಟವು ಕಡೂರಿನಿಂದ ಬೀರೂರಿಗೆ ಹೋಗಿ, ಹಿಂದಿರುಗುವ ದಾರಿಯಲ್ಲಿ ಊರು ಇನ್ನೂ ಸ್ವಲ್ಪ ದೂರವಿರುವಾಗಲೇ ನಿಂತಷ್ಟು. ಇದಕ್ಕಿಂತ ಕಠಿನವಾದುದು ಐರನ್‌ಮ್ಯಾನ್ ಎಂಬುದು. ಅದರಲ್ಲಿ ಈಜು 3.8, ಸವಾರಿ 180, ಓಟ 42.2 ಕಿಲೋಮೀಟರ್. ಕಡೂರಿನಲ್ಲಿ ಬೈಸಿಕಲ್ ಏರಿದವನು ತುಮಕೂರನ್ನು ದಾಟಿ ಇನ್ನೂ ಮುಂದೆ ಹೋಗಿ ಇಳಿದು, ಆಮೇಲೆ ಓಡಲು ತೊಡಗಬೇಕು. ಇಷ್ಟನ್ನು ಕೇಳಿದವರು ಇದು ಸಂಸಾರವಂದಿಗರಿಗೆ ಹೇಳಿದ ಮಾತಲ್ಲವೆಂದು ಭಾವಿಸುವುದು ಸಹಜ. ಆದರೆ ಸೋಜಿಗವೇನೆಂದರೆ, ಈ ಕ್ರೀಡೆಯ ಹುಟ್ಟಿನಲ್ಲಿಯೇ ಒಂದು ಸಂಸಾರವಿದ್ದಿತು.

1974ನೆಯ ಸೆಪ್ಟೆಂಬರ್ 25ರ ಸಂಜೆ, ಅಮೆರಿಕಾ ದೇಶದ ಸ್ಯಾನ್ ಡಿಯಾಗೋ ನಗರದ ಮಿಷನ್ ಬೇ ಎಂಬಲ್ಲಿ, ಊರಿನ ಓಟಗಾರರ ಸಂಘವೊಂದು ಹೊಸ ಬಗೆಯ ಪಂದ್ಯವನ್ನು ಏರ್ಪಡಿಸಿತು. ಜ್ಯಾಕ್ ಜಾನ್‌ಸ್ಟನ್ ಮತ್ತು ಡಾನ್ ಶಾನಹನ್ ಎಂಬಿಬ್ಬರು ಅದರ ಯೋಜಕರು. ಎಲ್ಲ ಸೇರಿ ಆರು ಮೈಲಿ ಓಟ, ಐದು ಮೈಲಿ ಸವಾರಿ, 500 ಗಜ ಈಜು. ಓಟದಲ್ಲಿ ಸುಮಾರು ಎರಡು ಮೈಲಿಯನ್ನು ಹುಲ್ಲು ಮರಳುಗಳ ಮೇಲೆ ಬರಿಗಾಲಿನಲ್ಲಿಯೇ ಓಡಬೇಕಾಗಿತ್ತು. ಇದರಲ್ಲಿ ನಮ್ಮ ಹಳ್ಳಿಯ ಮಕ್ಕಳಿಗೆ ಹೊಸತೇನೂ ಕಾಣಿಸದು. 46 ಮಂದಿ ಸೇರಿದರು. ಹೊತ್ತಿನ ಅಂದಾಜು ತಪ್ಪಿ ಕತ್ತಲಾಗಲು, ಕಡೆಕಡೆಯವರಿಗೆ ದಾರಿ ತೋರಿಸಲು ಮೋಟಾರುಗಳ ದೀಪಗಳನ್ನು ನೀರಿನ ಕಡೆಗೆ ತಿರುಗಿಸಿ ಹಿಡಿದರಂತೆ. ಈಗ ಈಜನ್ನು ಮೊದಲು, ಬೆಳಕಿನಲ್ಲಿ, ಮೈ ದಣಿಯುವುದಕ್ಕೆ ಮುಂಚೆಯೇ ಮುಗಿಸುವ ಪದ್ಧತಿ ಬಂದಿರುವುದು ವಿವೇಕದ ಮಾತು.

ಆ ಸಂಜೆ ಸೇರಿದವರಲ್ಲಿ ನೌಕಾದಳದ ಅಧಿಕಾರಿ ಜಾನ್ ಕಾಲಿನ್ಸ್, ಆತನ ಹೆಂಡತಿ ಜೂಡಿ ಮತ್ತು ಅವರ ಇಬ್ಬರು ಮಕ್ಕಳೂ ಇದ್ದರು. ಗಂಡ ಓಡುವಾಗ ಹೆಂಡತಿ ದಡದಲ್ಲಿ ಟವಲು ಹಿಡಿದು ನಿಲ್ಲಲಿಲ್ಲ, ನಾಲ್ವರೂ ಸ್ಪರ್ಧಿಗಳೇ. ಮುಂದೆ ಹವಾಯಿ ದ್ವೀಪಗಳಿಗೆ ವರ್ಗವಾದ ಮೇಲೆ, ಈಜುಗಾರ, ಓಟಗಾರ, ಸವಾರರಲ್ಲಿ ಯಾರು ಹೆಚ್ಚು ಗಟ್ಟಿಗರೆಂಬ ಹರಟೆ 1977ರಲ್ಲಿ ಒಂದು ಬಹುಮಾನ ಸಮಾರಂಭದಲ್ಲಿ ಎದ್ದಿತು. ಆ ದ್ವೀಪದಲ್ಲಿ ಬೇರೆ ಬೇರೆ ನಡೆಯುತ್ತಿದ್ದ ಮೂರು ದೀರ್ಘ ಪಂದ್ಯಗಳನ್ನು ಒಂದೇ ದಿನಕ್ಕೆ ಪೋಣಿಸಿ ತೀರ್ಮಾನಿಸೋಣವೆಂದು ಈ ದಂಪತಿಗಳು ಗೊತ್ತುಮಾಡಿದರು. ಐರನ್‌ಮ್ಯಾನ್ ಹುಟ್ಟಿದುದು ಹೀಗೆ. 1978ನೆಯ ಫೆಬ್ರವರಿ 18ರಂದು 15 ಮಂದಿ ಹೊರಟು, 12 ಮಂದಿ ಮುಗಿಸಿದರು. ಮೊದಲಿಗನಾದ ಗಾರ್ಡನ್ ಹಾಲರ್ ತೆಗೆದುಕೊಂಡ ಕಾಲ 11 ಗಂಟೆ 46 ನಿಮಿಷ 58 ಸೆಕೆಂಡು. ಎರಡನೆಯವನಿಗೆ ದಾರಿಯಲ್ಲಿ ನೀರು ಮುಗಿದು, ಅವನ ಸಂಗಡಿಗರು ಬೀರ್ ಕುಡಿಸಿದರಂತೆ; ಅವನು ಎರಡನೆಯವನಾಗಿಯೇ ಉಳಿದುದರಲ್ಲಿ ಆಶ್ಚರ್ಯವಿಲ್ಲ. ಮರುವರ್ಷ ಲಿನ್ ಲೆಮೇರ್ ಎಂಬ ಮಹಿಳೆ ಗಂಡಸರ ನಡುವೆ ಒಬ್ಬಳೇ ಹೊರಟು ಐದನೆಯ ಸ್ಥಾನ ಪಡೆದಳು.

ಆದರೆ ಕುಟುಂಬ ಮತ್ತು ಟ್ರಯಾಥ್ಲಾನ್ ಎಂಬ ಮಾತು ಬಂದಾಗ ನನ್ನ ಮನಸ್ಸು ನಿಲ್ಲುವುದು ಬೇರೊಂದು ಮನೆಯ ಮುಂದೆ. ಅಮೆರಿಕಾದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ 1962ರಲ್ಲಿ ಡಿಕ್ ಹೋಯ್ಟ್ ಮತ್ತು ಜೂಡಿ ಹೋಯ್ಟ್ ಎಂಬವರಿಗೆ ರಿಕ್ ಎಂಬ ಮಗನು ಹುಟ್ಟಿದನು. ಹೆರಿಗೆಯಲ್ಲಿ ಹೊಕ್ಕಳಬಳ್ಳಿ ಕೊರಳಿಗೆ ಸುತ್ತಿಕೊಂಡು, ಮಿದುಳಿಗೆ ಪ್ರಾಣವಾಯು ಸಾಲದೆ, ಕೈಕಾಲು ನಾಲಗೆಗಳು ಸ್ವಾಧೀನಕ್ಕೆ ಬಾರದೆಹೋದುವು. ಇವನನ್ನು ಯಾವುದಾದರೊಂದು ಆಶ್ರಯಶಾಲೆಯಲ್ಲಿ ಬಿಟ್ಟುಬಿಡಿರೆಂದು ವೈದ್ಯರು ಹೇಳಿದರು. ತಂದೆತಾಯಿಗಳು ಮನೆಗೆ ಕರೆತಂದರು. ತಾಯಿಯು ಉಪ್ಪುಕಾಗದದಲ್ಲಿ ಅಕ್ಷರಗಳನ್ನು ಕತ್ತರಿಸಿ ಮುಟ್ಟಿಸಿ ಮುಟ್ಟಿಸಿ ಕಲಿಸಿದಳು. ಮನೆಯ ವಸ್ತುಗಳಿಗೆಲ್ಲ ಹೆಸರಿನ ಚೀಟಿ ಅಂಟಿಸಿದಳು. ಇಂಥ ಮಕ್ಕಳಿಗೂ ಸಾಮಾನ್ಯ ಶಾಲೆಯಲ್ಲಿ ಸ್ಥಳವಿರಬೇಕೆಂದು ಆಕೆ ವರ್ಷಗಟ್ಟಲೆ ಹೋರಾಡಿದಳು. 1972ರಲ್ಲಿ ಟಫ್ಟ್ಸ್ ವಿಶ್ವವಿದ್ಯಾನಿಲಯದ ಎಂಜಿನಿಯರುಗಳು, ತಲೆಯನ್ನು ತಾಕಿಸಿ ಒಂದೊಂದೇ ಅಕ್ಷರವನ್ನು ಆರಿಸುವ ಯಂತ್ರವೊಂದನ್ನು ಅವನಿಗಾಗಿ ಕಟ್ಟಿಕೊಟ್ಟರು. ಹುಡುಗನು ಬರೆದ ಮೊದಲ ಮಾತು ಅಮ್ಮ ಎಂದಲ್ಲ, ಅಪ್ಪ ಎಂದಲ್ಲ. ತನ್ನ ಮೆಚ್ಚಿನ ಹಾಕಿ ತಂಡಕ್ಕೆ ಜಯಕಾರ! ಇಷ್ಟು ದಿನವೂ ಅವನು ಆಟಗಳನ್ನು ನೋಡುತ್ತ, ತಿಳಿಯುತ್ತ ಕುಳಿತಿದ್ದನೆಂಬುದು ಮನೆಯವರಿಗೆ ಆಗ ಗೊತ್ತಾಯಿತು.

1977ರಲ್ಲಿ, ಅಪಘಾತದಿಂದ ಅಂಗಸ್ವಾಧೀನ ತಪ್ಪಿದ ಆಟಗಾರನೊಬ್ಬನ ಸಹಾಯಾರ್ಥವಾಗಿ ಐದು ಮೈಲಿಯ ಓಟವೊಂದು ಏರ್ಪಟ್ಟಿತು. ಅದರಲ್ಲಿ ಪಾಲ್ಗೊಳ್ಳಬೇಕೆಂದು ರಿಕ್ ತಂದೆಯನ್ನು ಕೇಳಿದನು. ಡಿಕ್ ಆಗ ಮೂವತ್ತೈದು ದಾಟಿದ ಸಿಪಾಯಿ, ಓಟದ ಅಭ್ಯಾಸವಿಲ್ಲ. ಗಾಲಿಕುರ್ಚಿಯನ್ನು ತಳ್ಳಿಕೊಂಡು ಓಡಿ ಇಬ್ಬರೂ ಕಡೆಯವರಿಗೆ ಒಬ್ಬರ ಮುಂದೆ ಮುಟ್ಟಿದರು. ಆ ರಾತ್ರಿ ರಿಕ್ ತನ್ನ ಯಂತ್ರದಲ್ಲಿ ತಿಳಿಸಿದುದು, ಓಡುವಾಗ ತನಗೆ ತಾನು ಅಂಗವಿಕಲನೆಂದು ಅನಿಸುವುದೇ ಇಲ್ಲವೆಂದು. ಮುಂದಿನದೆಲ್ಲ ಈ ಒಂದು ಮಾತಿನಿಂದ ಬೆಳೆದುದು.

ಟ್ರಯಾಥ್ಲಾನಿಗೆ ಕರೆ ಬಂದಾಗ ಡಿಕ್‌ಗೆ ಈಜು ಬಾರದು. ಬೈಸಿಕಲ್ ಏರಿದುದು ಬಾಲ್ಯದಲ್ಲಿ. ಆದರೂ ಮಗನೊಡನೆಯಾದರೆ ಮಾತ್ರ ಬರುವೆನೆಂದು ಹೇಳಿ, ನಡುವಯಸ್ಸಿನಲ್ಲಿ ನೀರಿಗಿಳಿದನು. ಮೊದಲ ದಿನ ಕಲ್ಲಿನಂತೆ ಮುಳುಗಿದನಂತೆ. 1985ರಲ್ಲಿ ಅವರ ಮೊದಲನೆಯ ಟ್ರಯಾಥ್ಲಾನ್ ನಡೆಯಿತು. ಮಗನನ್ನು ರಬ್ಬರಿನ ದೋಣಿಯಲ್ಲಿ ಮಲಗಿಸಿ, ಹಗ್ಗವನ್ನು ತನ್ನ ಮೈಗೆ ಬಿಗಿದುಕೊಂಡು ಈಜುವುದು. ಬೈಸಿಕಲ್ಲಿನ ಮುಂದೆ ಕೂರಿಸಿಕೊಂಡು ತುಳಿಯುವುದು. ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಓಡುವುದು. ಹೀಗೆ ಆ ತಂದೆಮಕ್ಕಳು ಸಾವಿರಕ್ಕೂ ಮಿಕ್ಕ ಪಂದ್ಯಗಳನ್ನು ಮುಗಿಸಿದರು. ಅವುಗಳಲ್ಲಿ ಆರು ಐರನ್‌ಮ್ಯಾನ್ ದೂರದವು. ರಿಕ್ 1993ರಲ್ಲಿ ಬಾಸ್ಟನ್ ವಿಶ್ವವಿದ್ಯಾನಿಲಯದ ಪದವೀಧರನಾದನು. ಡಿಕ್ 2021ರಲ್ಲಿಯೂ ರಿಕ್ 2023ರಲ್ಲಿಯೂ ತೀರಿಕೊಂಡರು.

ಇಲ್ಲಿ ಗಮನಿಸತಕ್ಕ ಒಂದು ಅಂಶವುಂಟು. ಓಡಬೇಕೆಂದು ಕೇಳಿದವನು ಮಗ. ತಂದೆಯು ತನ್ನ ಹಂಬಲವನ್ನು ಮಗನ ಹೆಗಲಿಗೆ ಏರಿಸಲಿಲ್ಲ. ಮಗನ ಹಂಬಲವನ್ನು ತಾನು ಹೊತ್ತನು. ಮಕ್ಕಳ ಕೊರಳಿನಲ್ಲಿ ಪದಕ ತೂಗಾಡುವುದನ್ನು ನೋಡಬೇಕೆಂಬ ಆತುರದಿಂದ ಅವರನ್ನು ಮುಂಜಾನೆ ದರದರನೆ ಎಳೆದುಕೊಂಡು ಹೋಗುವ ತಾಯಿತಂದೆಗಳನ್ನು ಈಚೆಗೆ ಪಟ್ಟಣಗಳಲ್ಲಿ ಕಾಣುತ್ತೇವೆ. ಅದು ಬೇರೆ ಜಾತಿಯ ಪ್ರೀತಿ. ನನಗೆ ಅದರಲ್ಲಿ ನಂಬಿಕೆಯಿಲ್ಲ.

ಅಣ್ಣತಮ್ಮಂದಿರ ಕಥೆಯೊಂದು ಇಂಗ್ಲೆಂಡಿನದು. ಅಲಿಸ್ಟರ್ ಬ್ರೌನ್ಲಿ ಮತ್ತು ಜಾನಥನ್ ಬ್ರೌನ್ಲಿ 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಚಿನ್ನ ಕಂಚುಗಳನ್ನೂ, 2016ರ ರಿಯೋ ಒಲಿಂಪಿಕ್ಸಿನಲ್ಲಿ ಚಿನ್ನ ಬೆಳ್ಳಿಗಳನ್ನೂ ಮನೆಗೆ ತಂದವರು. ಅದೇ 2016ರ ಸೆಪ್ಟೆಂಬರಿನಲ್ಲಿ ಮೆಕ್ಸಿಕೋ ದೇಶದ ಕೋಸುಮೆಲ್‌ನಲ್ಲಿ ಮುಂದೆ ಓಡುತ್ತಿದ್ದ ತಮ್ಮನು ಬಿಸಿಲಿನ ಝಳಕ್ಕೆ ಗುರಿಯ ಸಮೀಪದಲ್ಲಿ ತತ್ತರಿಸಿ ನಿಂತುಬಿಟ್ಟನು. ಹಿಂದಿನಿಂದ ಬಂದ ಅಣ್ಣನು ತನ್ನ ಸ್ಥಾನದ ಯೋಚನೆಯನ್ನು ಬಿಟ್ಟು, ತಮ್ಮನ ತೋಳನ್ನು ಹೆಗಲಿಗೆ ಹಾಕಿಕೊಂಡು ನಡೆಸಿ, ಗೆರೆಯ ಬಳಿ ಅವನನ್ನು ತನಗಿಂತ ಮುಂದೆ ತಳ್ಳಿದನು.

ಕರ್ನಾಟಕಕ್ಕೆ ಬಂದರೆ, ಬೆಂಗಳೂರಿನಲ್ಲಿದ್ದು ಅಭ್ಯಾಸಮಾಡಿದ ಅನು ವೈದ್ಯನಾಥನ್ ಅವರು 2009ರಲ್ಲಿ ಕೆನಡಾದ ಅಲ್ಟ್ರಾಮ್ಯಾನ್ ಎಂಬ ಮೂರು ದಿನಗಳ ಸ್ಪರ್ಧೆಯನ್ನು ಪೂರೈಸಿದರು. ಹತ್ತು ಕಿಲೋಮೀಟರ್ ಈಜು ಅದರಲ್ಲಿ ಒಂದು ಭಾಗ ಮಾತ್ರ. ಇನ್ನೊಬ್ಬರು ನಿಶಾ ಮಿಲೆಟ್. ಐದನೆಯ ವಯಸ್ಸಿನಲ್ಲಿ ನೀರಿನಲ್ಲಿ ಮುಳುಗಿಹೋಗುವುದರಲ್ಲಿದ್ದ ಆ ಮಗುವಿನ ಭಯವನ್ನು ಬಿಡಿಸಲು ತಂದೆಯೇ ಈಜು ಕಲಿಯಲು ಕರೆದೊಯ್ದನು. ಅದೇ ಹುಡುಗಿ 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಭಾರತದ ಪರವಾಗಿ ಈಜಿದಳು.

ಹೆದರಿದ ಮಗುವನ್ನು ನೀರಿನಿಂದ ದೂರವಿಡುವುದು ನಮ್ಮ ರೂಢಿ. ಹೆಣ್ಣುಮಕ್ಕಳ ವಿಷಯದಲ್ಲಂತೂ ಹೆದರಿಕೆ ಹುಟ್ಟುವುದಕ್ಕೆ ಮುಂಚೆಯೇ ದೂರವಿಡುವೆವು. ಆದರೆ ನಮ್ಮ ಸೀಮೆಯಲ್ಲಿ ನೀರು ನಮ್ಮಿಂದ ದೂರವಿರುವುದೇ? ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರೆಯ ಅಣೆಕಟ್ಟು. ಅಜ್ಜಂಪುರದ ಕಡೆಗೆ ಭದ್ರಾ ಮೇಲ್ದಂಡೆಯ ಕಾಲುವೆ. ಕಡೂರು ಸೀಮೆಯಲ್ಲಿ ಅಯ್ಯನಕೆರೆ, ಮದಗದ ಕೆರೆ. ಬಯಲುಭಾಗದಲ್ಲಿ ಈಚೆಗೆ ತೋಟ ಹೊಲಗಳಲ್ಲೆಲ್ಲ ಕೃಷಿ ಹೊಂಡಗಳಾಗಿವೆ. ನೀರು ಇಂಗದಂತೆ ಪ್ಲಾಸ್ಟಿಕ್ ಹಾಸಿದ ಹೊಂಡದ ಇಳಿಜಾರು ನುಣುಪಾಗಿ, ಜಾರಿ ಬಿದ್ದ ಮಗುವಿಗೆ ಹಿಡಿಯಲು ಒಂದು ಬೇರೂ ಸಿಗದು. ದನ ಮೇಯಿಸಲು ಹೋದ ಹುಡುಗ, ಬಟ್ಟೆ ಒಗೆಯಲು ಹೋದ ತಾಯಿ, ಅವಳನ್ನು ಎತ್ತಲು ಹಾರಿದ ಮಗಳು, ಹೀಗೆ ಒಂದೇ ಮನೆಯ ಇಬ್ಬರು ಮೂವರು ಒಟ್ಟಿಗೆ ಹೋದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದದ ಬೇಸಗೆಯೇ ಇಲ್ಲ. ಪದಕದ ಮಾತು ಹಾಗಿರಲಿ. ಮನೆಯ ಪ್ರತಿಯೊಬ್ಬರಿಗೂ ಈಜು ಬರುವುದೆಂಬುದೇ ಸಾಕಾದಷ್ಟು ದೊಡ್ಡ ಲಾಭ.

ಹಾಗೆಂದು ಕೆರೆಗೆ ನೆಟ್ಟಗೆ ಧುಮುಕತಕ್ಕದ್ದಲ್ಲ. ತೂಬಿನ ಬಳಿ ಸೆಳೆತವುಂಟು, ಹೂಳಿನಲ್ಲಿ ಕಾಲು ಸಿಕ್ಕಿಕೊಳ್ಳುವುದು, ಜೊಂಡು ಸುತ್ತಿಕೊಳ್ಳುವುದು. ಅಣೆಕಟ್ಟಿನ ಹಿನ್ನೀರೂ ಹರಿಯುವ ಕಾಲುವೆಯೂ ಕಲಿಯುವ ಸ್ಥಳಗಳೇ ಅಲ್ಲ. ಬಲ್ಲವರೊಬ್ಬರು ಜೊತೆಯಲ್ಲಿದ್ದು, ಎದೆಮಟ್ಟದ ನೀರಿನಲ್ಲಿ, ಬೆನ್ನಿಗೆ ತೇಲುವ ವಸ್ತುವೊಂದನ್ನು ಕಟ್ಟಿಕೊಂಡು ಕಲಿಯಬೇಕು. ಪಟ್ಟಣದ ಈಜುಕೊಳ ದೊರೆತರೆ ಇನ್ನೂ ಲೇಸು. ಸವಾರಿಗೆ ಹೆದ್ದಾರಿಯನ್ನು ಬಿಟ್ಟು ಹಳ್ಳಿಯ ದಾರಿಗಳನ್ನೂ, ಲಾರಿಗಳ ಓಡಾಟ ಕಡಮೆಯಿರುವ ಬೆಳಗಿನ ಹೊತ್ತನ್ನೂ ಆರಿಸಿಕೊಳ್ಳಬೇಕು. ನಲವತ್ತು ದಾಟಿದವರು ಮೊದಲು ವೈದ್ಯರಿಗೆ ಎದೆ ತೋರಿಸಿಕೊಳ್ಳುವುದು ಒಳ್ಳೆಯದು.

ಇನ್ನು ದೊಡ್ಡಮ್ಮನವರ ಎರಡನೆಯ ಪ್ರಶ್ನೆ. ಗಂಡನು ನಸುಕಿನಲ್ಲಿಯೇ ಸವಾರಿಗೆ ಹೋಗಿ, ಅವನು ಬರುವಷ್ಟರಲ್ಲಿ ಹೆಂಡತಿ ರಾಗಿಯ ಅಂಬಲಿ ಕಾಯಿಸಿಟ್ಟು, ಮಗುವನ್ನು ಶಾಲೆಗೆ ಹೊರಡಿಸಿ, ಒದ್ದೆ ಬಟ್ಟೆಯನ್ನೂ ಒಗೆದು ಹಾಕಿದರೆ, ಅದನ್ನು ಕುಟುಂಬದ ಕ್ರೀಡೆ ಎನ್ನಲಾಗದು. ಆಕೆಯ ಪಾಲಿಗೆ ಅದು ನಾಲ್ಕನೆಯ ಸ್ಪರ್ಧೆ. ಕೂಡಿ ಮಾಡುವುದೆಂದರೆ ಮನೆಗೆಲಸವನ್ನೂ ಸರದಿಯ ಮೇಲೆ ಹಂಚಿಕೊಳ್ಳುವುದೆಂದೇ ಅರ್ಥ. ಮೂರನ್ನೂ ಒಬ್ಬರೇ ಮಾಡಬೇಕೆಂಬ ನಿರ್ಬಂಧವೂ ಇಲ್ಲ. 2019ರಲ್ಲಿ ಗೋವಾದಲ್ಲಿ ಆರಂಭವಾದ ಅರ್ಧ ಐರನ್‌ಮ್ಯಾನ್ ಮೊದಲಾದ ಎಷ್ಟೋ ಪಂದ್ಯಗಳಲ್ಲಿ, ಒಬ್ಬರು ಈಜಿ, ಇನ್ನೊಬ್ಬರು ತುಳಿದು, ಮತ್ತೊಬ್ಬರು ಓಡುವ ತಂಡಗಳಿಗೂ ಅವಕಾಶವುಂಟು. ಅತ್ತೆಯು ಮಗುವನ್ನು ನೋಡಿಕೊಂಡ ಹೊತ್ತನ್ನೂ ಆ ತಂಡದ ಲೆಕ್ಕಕ್ಕೆ ಸೇರಿಸಬೇಕೆಂದು ನಾನು ಹೇಳುವೆನು.

ಇದನ್ನೆಲ್ಲ ದೊಡ್ಡಮ್ಮನವರಿಗೆ ವಿವರಿಸಿದೆನು. ಹೋಯ್ಟ್ ತಂದೆಮಕ್ಕಳ ಕಥೆಯನ್ನು ಎರಡು ಸಲ ಹೇಳಿಸಿಕೊಂಡರು. ಆ ತಾಯಿಯು ಮರದ ಮೇಜಿನ ಮುಂದೆ ಕುಳಿತು ಉಪ್ಪುಕಾಗದದ ಅಕ್ಷರ ಕತ್ತರಿಸುತ್ತಿದ್ದುದನ್ನು ತಾವೇ ನೋಡಿದವರಂತೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ತಾವು ಎಂಟು ವರ್ಷದವರಾಗಿದ್ದಾಗ ತೋಟದ ಬಾವಿಯಲ್ಲಿ ಅಣ್ಣಂದಿರೊಡನೆ ಈಜು ಕಲಿತುದನ್ನೂ, ಮದುವೆಯಾದ ಮೇಲೆ ಒಂದು ದಿನವೂ ನೀರಿಗಿಳಿಯಲಿಲ್ಲವೆಂಬುದನ್ನೂ ಮೊದಲಬಾರಿಗೆ ನನ್ನ ಮುಂದೆ ಹೇಳಿದರು.

ರಾತ್ರಿ ಮೊಮ್ಮಗನ ದೂರವಾಣಿ ಕರೆ ಬಂದಿತು. ಅವರು ಸೊಸೆಯನ್ನೇ ಕರೆಯಿಸಿಕೊಂಡು, ನೀರು ಎಷ್ಟು ಆಳವೆಂದು ಕೇಳಿದರು. ದಡದಲ್ಲಿ ದೋಣಿಯವರಿರುವರೇ ಎಂದು ಕೇಳಿದರು. ಬೇಸಗೆಯ ರಜೆಯಲ್ಲಿ ಮಗುವನ್ನು ಇಲ್ಲಿಗೆ ಕಳುಹಿಸಿಕೊಡಬೇಕೆಂದೂ ಹೇಳಿದರು. ಮಾತು ಮುಗಿದಮೇಲೆ ನನ್ನ ಕಡೆಗೆ ತಿರುಗಿ, “ಅಟ್ಟದ ಮೇಲೆ ನಮ್ಮಪ್ಪನ ಕಾಲದ ಸೋರೆಬುರುಡೆ ಎರಡು ಇರಬೇಕು. ಹತ್ತಿ ನೋಡು, ಒಡೆದಿವೆಯೋ ಏನೋ” ಎಂದರು. ದೀಪ ಹಿಡಿದು ಹತ್ತಿ ನೋಡಿದೆನು. ಒಂದನ್ನು ಇಲಿ ಕೊರೆದಿತ್ತು. ಇನ್ನೊಂದು ನೆಟ್ಟಗಿತ್ತು.